ಅವ್ವನಿಗೆ ಮುಟ್ಟದ ನೀಲಿ ಅನ್ನ

ನನ್ನ ಅಕ್ಕ ಅವ್ವನಿಗೆಂದು ಮಾಡಿ ಕೊಟ್ಟ ತಿಂಡಿಯನ್ನು ನಾನು ಅವ್ವನಿಗೆ ಕೊಡಲಿಲ್ಲ. ಭದ್ರಾವತಿಯಿಂದ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಮನೆ ಇನ್ನೂ ಅರ್ಧ ಮೈಲಿ ಇದೆ ಅನ್ನುವಾಗ ಹೊಳೆಗೆ ಹಾಕಿದೆ. ಮಾಡಿದ್ದು ಇಷ್ಟೇ. ಇಷ್ಟನ್ನು ಬಾಯಿಬಿಟ್ಟು ಹೇಳುವುದಕ್ಕೆ ಹನ್ನೆರಡು ವರ್ಷ ಹಿಡಿಯಿತು.

ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಅಕ್ಕ ಏಳನೆಯದನ್ನು ಪಾಸು ಮಾಡಿದ್ದಳು. ಈ ಕಥೆಯನ್ನು ಅವಳೇ ಬರೆದಿದ್ದರೆ ಚೆನ್ನಾಗಿ ಬರೆಯುತ್ತಿದ್ದಳು. ಆದರೆ ತಪ್ಪು ನನ್ನದು, ನಾನೇ ಬರೆಯಬೇಕು.

ಐವತ್ತರ ದಶಕದಲ್ಲಿ ಶಿವಮೊಗ್ಗದ ಬಾಯಿರುಚಿಯ ಜನ ಒಂದು ಮಾತು ಆಡುತ್ತಿದ್ದರು. ಮಲಾಯದ ಅಡುಗೆ ತಿನ್ನಬೇಕು ಅಂದರೆ ಮೈಸೂರಿಗೆ ಹೋದರೂ ಸಿಗಲ್ಲ, ಬೆಂಗಳೂರಿಗೆ ಹೋದರೂ ಸಿಗಲ್ಲ, ಭದ್ರಾವತಿಗೆ ಹೋಗಬೇಕು ಅಂತ. ದಾರಿಯನ್ನೂ ಹೇಳುತ್ತಿದ್ದರು. ಸ್ಟೇಷನ್ನಿನಲ್ಲಿ ಇಳಿದು ಕಬ್ಬಿಣದ ಕಾರ್ಖಾನೆಯ ಕಡೆ ನಡೆಯಿರಿ, ಕೆಲಸಗಾರರ ಮನೆಗಳ ಸಾಲು ಮುಗಿಯುವಲ್ಲಿ ಬೇಲಿ ತುಂಬ ನೀಲಿ ಹೂ ಬಿಟ್ಟಿರುವ ಹೆಂಚಿನ ಮನೆ. ಬೋರ್ಡು ಗೀರ್ಡು ಇಲ್ಲ. ಹನ್ನೊಂದಕ್ಕೆ ಹೋದರೆ ಊಟ ಸಿಗುತ್ತೆ, ಒಂದು ಗಂಟೆಗೆ ಹೋದರೆ ಅಜ್ಜಿಯ ಬೈಗುಳ ಸಿಗುತ್ತೆ.

ಅದು ನನ್ನ ಅಕ್ಕನ ಮನೆ. ಬೈಯುವ ಅಜ್ಜಿ ಅಕ್ಕನ ಅತ್ತೆ. ಈ ಮಾತು ನನ್ನ ಎದುರಿಗೇ ನಡೆಯುವಾಗಲೂ "ಅದು ನಮ್ಮಕ್ಕನ ಮನೆ" ಎಂದು ನಾನು ಒಂದು ಸಲವೂ ಹೇಳಲಿಲ್ಲ.

ನಾವು ಲಿಂಗ ಕಟ್ಟಿದ ಮನೆಯವರು. ಅಪ್ಪ ಗಾಂಧಿ ಬಜಾರಿನಲ್ಲಿ ವಿಭೂತಿ, ಕರ್ಪೂರ, ಊದಿನಕಡ್ಡಿ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಮನೆಯ ಹಿಂದಿನ ಬೇಲಿಯಲ್ಲಿ ಅವ್ವ ಶಂಖಪುಷ್ಪದ ಬಳ್ಳಿ ಹಬ್ಬಿಸಿದ್ದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಎಡಗೈಯ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಒಂದೇ ಒಂದು ನೀಲಿ ಹೂ ಏರಿಸಿ, ಆಮೇಲೆ ಬಾಯಿಗೆ ನೀರು. ಅಕ್ಕ ಭದ್ರಾವತಿಯಲ್ಲಿದ್ದ ಸೋದರಮಾವನ ಮನೆಗೆ ಬಾಣಂತನದ ಕೆಲಸಕ್ಕೆ ಹೊರಟಾಗ ಅವ್ವ ಆ ಬಳ್ಳಿಯ ನಾಲ್ಕು ಒಣಗಿದ ಕಾಯಿಗಳನ್ನು ಅವಳ ಸೆರಗಿಗೆ ಕಟ್ಟಿದಳು. "ಮಾವನ ಬೇಲಿಗೆ ಹಾಕು. ನಿನ್ನ ಪೂಜೆಗೆ ಆಗುತ್ತೆ" ಅಂದಳು.

ಮೂರು ತಿಂಗಳಿಗೆಂದು ಹೋದವಳು ತಿರುಗಿ ಬರಲಿಲ್ಲ. ಪಕ್ಕದ ಮನೆಯ ಫಿಟ್ಟರನ್ನು ಗುಡಿಯಲ್ಲಿ ಮದುವೆಯಾದಳು. ಅವನು ತಮಿಳರವನು, ಅವನ ತಾಯಿ ಮಲಾಯ ದೇಶದ ಮಲಾಕದವರು ಎಂದು ಮಾವ ಬಂದು ಹೇಳಿದಾಗ ಅಪ್ಪ ಅಂಗಡಿಯಿಂದ ತಂದಿದ್ದ ಕರ್ಪೂರದ ಪೊಟ್ಟಣವನ್ನು ಬಿಚ್ಚಿ ಮತ್ತೆ ಕಟ್ಟಿದರು. "ಇನ್ನು ಈ ಮನೆಗೆ ಇರೋದು ಒಬ್ಬಳೇ ಮಗಳು. ಇನ್ನೊಬ್ಬಳ ಹೆಸರು ಎತ್ತೋರು ಅವಳ ಹಿಂದೇನೇ ಹೋಗಬಹುದು" ಅಂದರು. ಅವ್ವ ಎದ್ದು ಹಿತ್ತಲಿಗೆ ಹೋದಳು. ಆ ಒಬ್ಬಳೇ ಮಗಳು ನಾನು. ನನಗಾಗ ಹದಿನೈದು. ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಒಳಗೊಳಗೇ ಸಂತೋಷವಾಗಿತ್ತು.

ಐದು ವರ್ಷ ಕಳೆಯಿತು. ನನಗೆ ಬಂದ ಎರಡು ಗಂಡುಗಳು ಅಕ್ಕನ ಸುದ್ದಿ ಕೇಳಿ ಹಿಂದೆ ಸರಿದವು. ಅಷ್ಟರಲ್ಲಿ ಅವ್ವನಿಗೆ ಹೊಟ್ಟೆಯ ಕಾಯಿಲೆ ಹಿಡಿಯಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಮಾತಾಡಿದರು, ಒಳಗೆ ಬಂದು ನನಗೆ "ಅವರು ಏನು ಕೇಳ್ತಾರೋ ಅದನ್ನ ಕೊಡಮ್ಮ" ಅಂದರು. ಅದರ ಅರ್ಥ ನನಗೆ ಆಯಿತು. ಅವ್ವನಿಗೂ ಆಗಿರಬೇಕು.

ನಾನು ದಿನಕ್ಕೆ ನಾಲ್ಕು ಸಲ ಗಂಜಿ ಕಾಯಿಸುತ್ತಿದ್ದೆ. ಅಕ್ಕಿ ನುಚ್ಚಿನ ಗಂಜಿ, ಹೆಸರುಬೇಳೆ ಗಂಜಿ, ರಾಗಿ ಗಂಜಿ. ಅವ್ವ ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕೆ ಸರಿಸುತ್ತಿದ್ದಳು. ಬಟ್ಟೆ ಒಗೆದೆ, ಕಾಲು ಒತ್ತಿದೆ, ಮೈ ಒರೆಸಿದೆ. ಹೀಗೆ ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಅಪ್ಪ ಅಂಗಡಿಗೆ ಹೋಗಿದ್ದಾಗ, ಅವ್ವ ನನ್ನ ಕೈ ಹಿಡಿದಳು.

"ಭದ್ರಾವತಿಗೆ ಹೋಗಿ ಬರ್ತೀಯಾ?"

"ಯಾಕವ್ವಾ?"

"ಅವಳೇನೋ ಅಡುಗೆ ಮಾಡಿ ಊರಿಗೆಲ್ಲ ಬಡಿಸ್ತಾಳಂತೆ. ಎಲ್ಲರೂ ಉಂಡು ಬಂದು ಹೊಗಳ್ತಾರೆ. ನನಗೊಂದು ತುತ್ತು ತಾ. ಅವಳ ಕೈಯಿಂದು."

ನನ್ನ ಗಂಜಿಯ ಲೋಟ ಅಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೇ. "ಅಪ್ಪಂಗೆ ಗೊತ್ತಾದರೆ?" ಅಂದೆ. "ಮಾವನ ಮನೆಗೆ ಅಂತ ಹೇಳ್ತೀನಿ" ಎಂದು ತನ್ನ ಹಿತ್ತಾಳೆ ಡಬ್ಬಿಯನ್ನು ತೆಗೆಸಿ ಕೊಟ್ಟಳು. ತವರಿನಿಂದ ತಂದ ಡಬ್ಬಿ, ಮುಚ್ಚಳದ ಮೇಲೆ ಬಳ್ಳಿಯ ಕೆತ್ತನೆ.

ಮರುದಿನ ಸಂಜೆ ಭದ್ರಾವತಿ ತಲುಪಿದೆ. ಐದು ವರ್ಷದ ಮೇಲೆ ಕಂಡ ಅಕ್ಕ ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಡಬ್ಬಿಯನ್ನು ನೋಡಿದವಳೇ ಗುರುತು ಹಿಡಿದು ನನ್ನ ಕೈಯಿಂದ ತೆಗೆದುಕೊಂಡಳು. ನಾನು ವಿಷಯ ಹೇಳಿದೆ. ಅವಳು ಕೇಳಿದ ಮೊದಲ ಮಾತು, "ಅವ್ವನ ಹಲ್ಲು ಹೇಗಿದಾವೆ? ಅಗಿಯಕ್ಕೆ ಆಗುತ್ತಾ?"

ರಾತ್ರಿ ಮಾವನ ಮನೆಯಲ್ಲಿ ಮಲಗಿ ಬೆಳಿಗ್ಗೆ ಮತ್ತೆ ಅವಳ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಎಲೆ ಹಾಕುತ್ತಿದ್ದರು. ಒಳಗೆ ಎರಡು ಒಲೆ. ಒಂದು ಅತ್ತೆಯದು. ಅದರಲ್ಲಿ ಹುಣಿಸೆಹಣ್ಣು ಹಿಂಡಿದ ಮೀನಿನ ಸಾರು, ಒಣ ಸಿಗಡಿ ಮೆಣಸಿನಕಾಯಿ ಅರೆದ ಚಟ್ನಿ. ಇನ್ನೊಂದು ಅಕ್ಕನದು. ಅದರಲ್ಲಿ ತೆಂಗಿನ ಹಾಲಿನ ಅನ್ನ, ನಿಂಬೆಯ ವಾಸನೆಯ ಮಜ್ಜಿಗೆಹುಲ್ಲು ಹಾಕಿದ ತರಕಾರಿ ಪಲ್ಯ, ಒಳಗೆ ಬೆಲ್ಲ ತುಂಬಿ ಬೇಯಿಸಿ ತೆಂಗಿನತುರಿಯಲ್ಲಿ ಹೊರಳಿಸಿದ ಅಕ್ಕಿಹಿಟ್ಟಿನ ಉಂಡೆ. ಅಕ್ಕ ಐದು ವರ್ಷದಲ್ಲಿ ಒಂದು ದಿನವೂ ಮೀನು ತಿಂದಿರಲಿಲ್ಲ. ತಿನ್ನು ಎಂದು ಅತ್ತೆಯೂ ಹೇಳಿರಲಿಲ್ಲ. ಎರಡನೇ ಒಲೆಯನ್ನು ಹಾಕಿಸಿಕೊಟ್ಟವರೇ ಅವರು.

ಅತ್ತೆ ಸೀರೆ ಉಡುತ್ತಿರಲಿಲ್ಲ. ಹೂವಿನ ಚಿತ್ತಾರದ ಬಟ್ಟೆಯನ್ನು ಲುಂಗಿಯ ಹಾಗೆ ಸುತ್ತಿ ಮೇಲೆ ಉದ್ದ ತೋಳಿನ ರವಿಕೆ ತೊಡುತ್ತಿದ್ದರು. ಹಳೇ ಕಾಲದಲ್ಲಿ ವ್ಯಾಪಾರಕ್ಕೆ ಮಲಾಕಕ್ಕೆ ಹೋದ ತಮಿಳರು ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಅಲ್ಲೇ ನಿಂತ ಮನೆತನವಂತೆ ಅವರದು. ತಮಿಳು ಮರೆತುಹೋಗಿ ಮನೆಯೊಳಗೆಲ್ಲ ಮಲಾಯ ಮಾತು. "ಸಾಮಿ ಮಾತ್ರ ಮರೀಲಿಲ್ಲ. ಶಿವನ್, ಶಿವನ್" ಎಂದು ತಮ್ಮ ಹಣೆಯ ವಿಭೂತಿಯನ್ನು ನನಗೆ ತೋರಿಸಿದರು. ಗಂಡ ಈ ಕಡೆಯ ಊರಿಗೆ ಕರೆತಂದು ತೀರಿಕೊಂಡ ಮೇಲೆ ಮಗನ ಜೊತೆ ಭದ್ರಾವತಿಗೆ ಬಂದವರು. ಅವರ ಕನ್ನಡದಲ್ಲಿ ತಮಿಳು, ತೆಲುಗು, ಮಲಾಯ ಎಲ್ಲ ಸೇರಿತ್ತು, ಎಲ್ಲದರ ಕೊನೆಗೆ ಒಂದು ಮಾರಾಯ್ತಿ.

ಉಣ್ಣಲು ಕೂತವನೊಬ್ಬ ಎಲೆಯ ಮೇಲಿನ ನೀಲಿ ತುಂಡನ್ನು ಎತ್ತಿ ಹಿಡಿದು, "ಅಜ್ಜೀ, ಅನ್ನದ ಮೇಲೆ ಇಂಕ್ ಬಾಟ್ಲಿ ಬಿತ್ತಾ?" ಅಂದ.

"ಬಿತ್ತು. ತಿನ್ನು, ನಿನ್ ತಲೇಲಿ ನಾಲ್ಕು ಅಕ್ಷರ ಆದ್ರೂ ಹೋಗ್ಲಿ" ಅಂದರು ಅತ್ತೆ. ಸಾಲಿಗೆ ಸಾಲೇ ನಕ್ಕಿತು.

ಆ ನೀಲಿ ನಮ್ಮ ಅವ್ವನ ಶಂಖಪುಷ್ಪದ್ದು. ಅಕ್ಕ ಮದುವೆಯಾಗಿ ಆ ಮನೆಗೆ ಕಾಲಿಟ್ಟಾಗ ಅತ್ತೆ ಅವಳೊಡನೆ ಮಾತು ಬಿಟ್ಟಿದ್ದರಂತೆ. ಅಕ್ಕ ಸೆರಗಿನ ಬೀಜ ಬಿತ್ತಿ, ಬಳ್ಳಿ ಹಬ್ಬಿ, ಮೊದಲ ಹೂ ಬಿಟ್ಟ ದಿನ ಅತ್ತೆ ಬೇಲಿಯ ಬುಡದಲ್ಲಿ ಕುಸಿದು ಕೂತು "ಬುಂಗಾ ತೆಲಾಂಗ್, ಬುಂಗಾ ತೆಲಾಂಗ್" ಎಂದು ಅತ್ತರಂತೆ. ಅವರ ಊರಿನಲ್ಲಿ ಆ ಹೂವಿನ ಹೆಸರು ಅದು. ಅದನ್ನು ಬಿಸಿನೀರಿನಲ್ಲಿ ಹಿಂಡಿ, ಆ ನೀರಿನಲ್ಲಿ ಅಕ್ಕಿ ನೆನೆಸಿ, ತೆಂಗಿನ ಹಾಲು ಹಾಕಿ ಬೇಯಿಸಿ, ಮೇಲೆ ಕಲ್ಲು ಹೇರಿ ಒತ್ತಿ, ತುಂಡು ಮಾಡುವ ತಿಂಡಿಯನ್ನು ಅವರು ಹಬ್ಬಕ್ಕೆ ಮಾಡುತ್ತಿದ್ದರು. ಅಲ್ಲಿಯ ಅಂಟು ಅಕ್ಕಿ ಇಲ್ಲಿ ಸಿಗದು. ಅನ್ನ ಮುದ್ದೆಯಾಗುತ್ತೆ ಎಂದು ಎಲ್ಲರೂ ದೂರ ಇಡುವ ಹೊಸ ಅಕ್ಕಿಯನ್ನು ಇವರು ಹುಡುಕಿ ತರಿಸುತ್ತಿದ್ದರು. ಅವತ್ತಿನಿಂದ ಅತ್ತೆ ಸೊಸೆ ಒಂದಾದರು.

"ಇದನ್ನ ಅವ್ವಂಗೆ ಹೇಳು. ಮರೀಬೇಡ" ಅಂದಳು ಅಕ್ಕ. "ನಿನ್ನ ಬೇಲಿಯ ಹೂವೇ ನನ್ನನ್ನ ಈ ಮನೇಲಿ ಉಳಿಸ್ತು ಅಂತ ಹೇಳು."

ಅವಳು ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು ಹೊಸ ಪಾತ್ರೆಯಲ್ಲಿ ಅದನ್ನು ಮಾಡಿದ್ದಳು. ಮೇಲೆ ಹಚ್ಚುವ ತೆಂಗಿನ ಹಾಲಿನ ಪಾಕಕ್ಕೆ ಅವರು ಮೊಟ್ಟೆ ಹಾಕುತ್ತಾರೆ. ಅಕ್ಕ ಬೆಲ್ಲವನ್ನೇ ಹೊತ್ತುಗಟ್ಟಲೆ ಕುದಿಸಿ ಗಟ್ಟಿ ಮಾಡಿದ್ದಳು. "ಅವ್ವ ಕಣ್ಣು ಮುಚ್ಚಿಕೊಂಡು ತಿನ್ನಬಹುದು, ಮುಟ್ಟು ಮೈಲಿಗೆ ಏನೂ ಇಲ್ಲ." ಬಾಳೆ ಎಲೆ ಹಾಸಿ ತುಂಡುಗಳನ್ನು ಜೋಡಿಸಿ ಮುಚ್ಚಳ ಹಾಕಿದಳು. ನನಗೂ ಒಂದು ತುಂಡು ಕೊಟ್ಟಳು. ನಾನು ಅಂಥದನ್ನು ಹಿಂದೆ ತಿಂದಿರಲಿಲ್ಲ. ನಾಲಿಗೆಯ ಮೇಲೆ ಬೆಣ್ಣೆಯ ಹಾಗೆ ಹೋಯಿತು. ಇದನ್ನು ಅವ್ವ ಖಂಡಿತ ತಿನ್ನುತ್ತಾಳೆ ಅನ್ನಿಸಿತು. ಆಗಲೇ ನನ್ನ ಮನಸ್ಸು ಕೆಟ್ಟಿತು.

ಬಸ್ಸಿನಲ್ಲಿ ಮಲವಗೊಪ್ಪ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತ ಹೆಂಗಸಿಗೆ ವಾಸನೆ ಬಡಿಯಿತು. ತೋಟದವರ ಮನೆಯ ಹೆಂಗಸು. ಹಣೆಯ ತುಂಬ ವಿಭೂತಿ, ನಮ್ಮವರೇ.

"ಏನಮ್ಮಾ ಡಬ್ಬೀಲಿ? ಘಮ್ಮಂತಿದೆ."

"ತಿಂಡಿ. ಮಾವನ ಮನೆಯಿಂದ."

ಕೇಳದೇ ಮುಚ್ಚಳ ಎತ್ತಿದಳು. "ಅಯ್ಯೋ ಶಿವನೇ! ಇದೇನೇ ಮಾರಾಯ್ತಿ, ಅಡಿಕೆ ಕೊಳೆಗೆ ಹೊಡೆಯೋ ಮೈಲುತುತ್ತ ಕಲಸಿದ ಹಾಗಿದೆ! ಯಾರಿಗಿದು?"

"ನಮ್ಮವ್ವಂಗೆ. ಹುಷಾರಿಲ್ಲ."

"ಹುಷಾರಿಲ್ಲದೋರಿಗೆ ಇದಾ? ಭದ್ರಾವತೀಲಿ ಮಲಾಯದೋರು ಯಾರೋ ನೀಲಿ ಅನ್ನ ಮಾಡ್ತಾರಂತಲ್ಲ, ಅವರ ಮನೇದಲ್ಲ ತಾನೆ? ನಮ್ಮ ಪೈಕಿ ಹುಡುಗಿ ಒಬ್ಬಳು ಹೋಗಿ ಅಲ್ಲಿ ಸೇರಿಕೊಂಡಿದಾಳಂತೆ. ಅಪ್ಪ ಅವ್ವನ ಮಾನ ಕಳೆದವಳು. ನಿಂಗೆ ಗೊತ್ತಾ ಅವಳು?"

"ಇಲ್ಲ, ನಂಗೊತ್ತಿಲ್ಲ" ಅಂದೆ.

ತುಂಗೆಯ ಸೇತುವೆಗೆ ಮೊದಲೇ ಹೊಟ್ಟೆ ತೊಳೆಸುತ್ತಿದೆ ಎಂದು ಹೇಳಿ ಬಸ್ಸು ನಿಲ್ಲಿಸಿ ಇಳಿದೆ. ಆ ಹೆಂಗಸಿಗೆ ಹೆದರಿ ಎಸೆದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಪ್ಪನಿಗೆ ಹೆದರಿದೆ ಎಂದೂ ಹೇಳಿಕೊಂಡಿದ್ದೇನೆ. ಅದೆಲ್ಲ ಇತ್ತು. ಆದರೆ ಹೊಳೆಗೆ ಇಳಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಗಂಜಿಯ ಲೋಟ. ನಾಲ್ಕು ತಿಂಗಳು ನಾನು ಕಾಯಿಸಿದ್ದು ಅವ್ವನ ಗಂಟಲಲ್ಲಿ ಇಳಿಯಲಿಲ್ಲ. ಬಿಟ್ಟು ಹೋದವಳದು ಇಳಿಯುತ್ತದೆ. ಅದನ್ನು ನಾನೇ ಹೊತ್ತು ತಂದು, ನಾನೇ ತುತ್ತು ಮಾಡಿ ತಿನ್ನಿಸಿ, ಅವ್ವ ಚಪ್ಪರಿಸುವುದನ್ನು ಕೂತು ನೋಡಬೇಕು. ಅದು ನನ್ನಿಂದ ಆಗಲಿಲ್ಲ.

ತುಂಗೆಯ ನೀರು ಆಗ ಕಡಿಮೆ ಇತ್ತು. ಒಂದೊಂದೇ ತುಂಡು ಹಾಕಿದೆ. ಮೀನುಗಳು ಗುಂಪು ಕಟ್ಟಿ ಬಂದವು. ಅವು ಬಣ್ಣ ನೋಡಲಿಲ್ಲ. ಬಾಳೆ ಎಲೆಯನ್ನೂ ತೇಲಿಬಿಟ್ಟೆ. ಡಬ್ಬಿಗೆ ಮರಳು ಹಾಕಿ ಉಜ್ಜಿ, ಮೂರು ಸಲ ತೊಳೆದು, ಸೆರಗಿನಲ್ಲಿ ಒರೆಸಿ, ಸೇತುವೆ ದಾಟಿ ಮನೆಗೆ ನಡೆದೆ.

ಅವ್ವ ಗೋಡೆಗೆ ಒರಗಿ ಎದ್ದು ಕೂತಿದ್ದಳು. ಎಷ್ಟೋ ದಿನದ ಮೇಲೆ ತಲೆ ಬಾಚಿಕೊಂಡಿದ್ದಳು.

"ತಂದ್ಯಾ?"

"ಮನೆಗೆ ಬೀಗ ಹಾಕಿತ್ತವ್ವಾ. ಎಲ್ಲೋ ಊರಿಗೆ ಹೋಗಿದಾರಂತೆ."

ಅವ್ವ ಕೈ ಚಾಚಿ ಡಬ್ಬಿ ತೆಗೆದುಕೊಂಡಳು. ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದಳು. "ಒದ್ದೆ ಇದೆಯಲ್ಲೇ."

"ಮಾವನ ಮನೇಲಿ ತೊಳೆದು ಕೊಟ್ಟರು."

ಅವಳು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡಳು. ಮರಳಿನಲ್ಲಿ ಉಜ್ಜಿದ್ದೆ, ಆದರೂ ಹಿತ್ತಾಳೆಗೆ ತೆಂಗಿನ ಹಾಲಿನ ವಾಸನೆ ಬೇಗ ಬಿಡುವುದಿಲ್ಲ. ಅವ್ವ ನನ್ನ ಮುಖ ನೋಡಲಿಲ್ಲ. "ಹೋಗಲಿ ಬಿಡು. ಅವರಿಗೂ ಕೆಲಸ ಇರುತ್ತೆ" ಅಂದಳು. ಆಮೇಲೆ, "ಗಂಜಿ ಇದ್ರೆ ಕೊಡು" ಅಂದಳು. ಆ ದಿನ ಲೋಟದ ತುಂಬ ಇದ್ದ ಗಂಜಿಯನ್ನು ಪೂರ್ತಿ ಕುಡಿದಳು. ಡಬ್ಬಿಯನ್ನು ತಲೆದೆಸೆಯಲ್ಲೇ ಇಟ್ಟುಕೊಂಡಳು. ಅವಳಿಗೆ ತಿಳಿಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮತ್ತೆ ಅಕ್ಕನ ವಿಷಯ ಎತ್ತಲಿಲ್ಲ. ಒಂಬತ್ತನೆಯ ದಿನ ಹೋದಳು.

ಮಣ್ಣಿಗೆ ಅಕ್ಕ ಬಂದಳು. ಅಪ್ಪ ಅವಳನ್ನು ಒಳಗೆ ಕರೆಯಲಿಲ್ಲ, ಹೊರಗೆ ಹೋಗು ಎಂದೂ ಹೇಳಲಿಲ್ಲ. ಅವಳು ಹಿತ್ತಲ ಬೇಲಿಯ ಹತ್ತಿರ ನಿಂತಿದ್ದಳು. ಅವ್ವ ನೆಟ್ಟ ಬಳ್ಳಿಯಿಂದ ಹೂ ಬಿಡಿಸಿ ಸೆರಗಿನಲ್ಲಿ ತುಂಬಿಕೊಂಡಿದ್ದಳು, ಅವ್ವನ ಜೊತೆ ಇಡುವುದಕ್ಕೆ. ನಾನು ನೀರು ತೆಗೆದುಕೊಂಡು ಹೋದೆ. ನೀರು ಕುಡಿಯಲಿಲ್ಲ.

"ತಿಂದಳೇನೇ?"

ಅವಳ ಮುಖ ನೋಡಿ ಇಲ್ಲ ಅನ್ನುವುದಕ್ಕೆ ಆಗಲಿಲ್ಲ. "ತಿಂದಳು" ಅಂದೆ. ಅವಳು ಇನ್ನೂ ನೋಡುತ್ತಲೇ ಇದ್ದಳು. ಅದಕ್ಕೆ, "ಎರಡು ತುಂಡು ತಿಂದಳು. ಕೈಗುಣ ಹೋಗಿಲ್ಲ ನನ್ನ ಮಗಳದು ಅಂದಳು" ಎಂದೆ.

ಅಕ್ಕ ಅಲ್ಲೇ ಬೇಲಿ ಹಿಡಿದುಕೊಂಡು ಅತ್ತಳು. ಐದು ವರ್ಷದ್ದೆಲ್ಲ ಅತ್ತಳು. ಸಮಾಧಾನದ ಅಳು ಅದು. ನಾನು ಒಳ್ಳೆಯದನ್ನೇ ಮಾಡಿದೆ ಎಂದು ಆ ಹೊತ್ತಿಗೆ ಅನ್ನಿಸಿತು.

ನನಗೆ ಮುಂದಿನ ವರ್ಷ ಮದುವೆಯಾಯಿತು. ಸವಳಂಗ ರಸ್ತೆಯಲ್ಲಿ ಮನೆ. ನನ್ನ ಗಂಡನ ಮನೆಯವರು ಅಕ್ಕನ ಸುದ್ದಿ ತಿಳಿದೇ ಒಪ್ಪಿದ್ದರು. ಅಂದರೆ ನಾನು ಹೆದರಿದ್ದಕ್ಕೆ ಅರ್ಥವೂ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಹೋಗಿ ಬರುವುದು ಶುರುವಾಯಿತು. ಪ್ರತಿ ವರ್ಷ ಅವ್ವ ತೀರಿಕೊಂಡ ದಿನ ಅಕ್ಕ ಎಲ್ಲ ಎಲೆಗೂ ಆ ನೀಲಿ ತಿಂಡಿಯನ್ನು ಮೊಟ್ಟೆಯಿಲ್ಲದ ಪಾಕದ ಜೊತೆ ಬಡಿಸುತ್ತಿದ್ದಳು. ಶಿವಮೊಗ್ಗದಿಂದ, ತೀರ್ಥಹಳ್ಳಿ ಕಡೆಯಿಂದಲೂ ಜನ ಅದಕ್ಕೆಂದೇ ಬರುತ್ತಿದ್ದರು. ಹೊಸಬರು ಬಣ್ಣ ನೋಡಿ ಹಿಂದೆಮುಂದೆ ನೋಡಿದರೆ ಅಕ್ಕ, "ಧೈರ್ಯವಾಗಿ ತಿನ್ನಿ. ನಮ್ಮವ್ವ ಲಿಂಗಪೂಜೆ ಬಿಟ್ಟು ನೀರು ಕುಡಿದೋಳಲ್ಲ. ಅವಳು ಕೊನೆಗೆ ಬಾಯಾರ ತಿಂದಿದ್ದು ಇದನ್ನ. ಕೈಗುಣ ಹೋಗಿಲ್ಲ ಅಂತ ಹೇಳಿ ಕಳಿಸಿದ್ಲು" ಅನ್ನುತ್ತಿದ್ದಳು. ಅವರು ತಿನ್ನುತ್ತಿದ್ದರು. ನಾನೂ ಸಾಲಿನಲ್ಲಿ ಕೂತು ತಿನ್ನುತ್ತಿದ್ದೆ. ನುಂಗುವುದಕ್ಕೆ ನೀರು ಬೇಕಾಗುತ್ತಿತ್ತು.

ಹೇಳಿಬಿಡಬೇಕು ಎಂದು ಹೊರಡುತ್ತಿದ್ದೆ, ಹೇಳದೇ ಬರುತ್ತಿದ್ದೆ. ಸುಳ್ಳನ್ನು ಕಿತ್ತರೆ ಅವಳ ಕೈಯಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸುತ್ತಿದ್ದೆ. ಅದನ್ನೇ ನೆಪ ಮಾಡಿಕೊಂಡು ವರ್ಷ ವರ್ಷವೂ ಆ ಊಟ ಉಂಡೆ.

ಹನ್ನೆರಡನೆಯ ವರ್ಷ ನನ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಏಳು. ಉಣ್ಣುವವರೆಲ್ಲ ಎದ್ದು ಹೋಗಿದ್ದರು. ಅತ್ತೆ ತುಂಬ ಮುದುಕಿಯಾಗಿದ್ದರು, ಮೂಲೆಯಲ್ಲಿ ಕೂತು ನಾಳೆಯ ಹೂವಿನ ತೊಟ್ಟು ಬಿಡಿಸುತ್ತಿದ್ದರು. ಅಕ್ಕ ಒದ್ದೆ ಮಾಡಿದ ಚಾಕುವಿನಲ್ಲಿ ಉಳಿದ ತಿಂಡಿಯನ್ನು ಮನೆಮಂದಿಗೆ ಕೊಯ್ಯುತ್ತಿದ್ದಳು.

"ದೊಡ್ಡವ್ವಾ, ಅಜ್ಜಿ ಇದನ್ನ ತಿನ್ನುವಾಗ ನಗ್ತಿದ್ರಾ?" ಎಂದು ಮಗಳು ಕೇಳಿದಳು.

"ನಾನೆಲ್ಲಿ ನೋಡಿದೆ ಮರಿ? ನಿಮ್ಮವ್ವನ್ನ ಕೇಳು. ತಿನ್ನಿಸಿದವಳು ಅವಳೇ" ಎಂದು ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಸೆ ಇತ್ತು. ಹನ್ನೆರಡು ವರ್ಷದಲ್ಲಿ ಅವಳು ಇದನ್ನು ನನ್ನ ಹತ್ತಿರ ಕೇಳಿರಲಿಲ್ಲ. "ಹೇಳೇ. ನಕ್ಕಳಾ ಅವ್ವ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಮಗಳು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳೂ ಇದನ್ನು ಕಲಿತುಕೊಂಡು ಮುಂದೆ ಹೇಳುತ್ತಾ ಹೋಗುತ್ತಾಳೆ ಅನ್ನಿಸಿತು.

"ಅವ್ವ ತಿನ್ನಲಿಲ್ಲ ಅಕ್ಕಾ" ಅಂದೆ.

ಚಾಕು ನಿಂತಿತು.

"ನಾನು ಕೊಡಲೇ ಇಲ್ಲ. ಸೇತುವೆ ಹತ್ತಿರ ಇಳಿದು ಹೊಳೆಗೆ ಹಾಕಿದೆ."

"ಕೈಗುಣ ಹೋಗಿಲ್ಲ ಅಂದಿದ್ದು?"

"ಅದೂ ನಾನೇ ಅಂದಿದ್ದು."

ಅತ್ತೆ ಹೂ ಬಿಡಿಸುವುದನ್ನು ಬಿಟ್ಟು ನಮ್ಮಿಬ್ಬರನ್ನೂ ನೋಡಿದರು. ಅವರಿಗೆ ಎಷ್ಟು ಅರ್ಥವಾಯಿತೋ, ನನ್ನ ಮಗಳನ್ನು ಹತ್ತಿರ ಕರೆದು ತೊಡೆಯ ಮೇಲೆ ಕೂರಿಸಿಕೊಂಡರು. ಅಕ್ಕ ಚಾಕುವನ್ನು ತಟ್ಟೆಯ ಅಂಚಿಗೆ ಒರಗಿಸಿದಳು. ನನ್ನ ಕಡೆ ತಿರುಗಿ ಕೇಳಿದಳು.

"ಹಾಗಾದ್ರೆ ಅವ್ವ ನನ್ನ ಏನಂದುಕೊಂಡು ಹೋದಳು?"

"ನಿನ್ನ ಮನೆಗೆ ಬೀಗ ಹಾಕಿತ್ತು ಅಂದುಕೊಂಡು. ನಾನೇ ಹಾಗೆ ಹೇಳಿದ್ದೆ. ನನ್ನ ಗಂಜಿ ಕುಡೀತಿರಲಿಲ್ಲ, ನಿನ್ನ ಕೈಯಿಂದು ಬೇಕು ಅಂತ ಕೇಳಿದ್ಲು. ಅದನ್ನ ತಡಕೊಳ್ಳಕ್ಕೆ ಆಗಲಿಲ್ಲ ನಂಗೆ. ಹೆದರಿಕೆಯಿಂದ ಅಲ್ಲ ಅಕ್ಕಾ, ಹೊಟ್ಟೆಕಿಚ್ಚಿಂದ ಎಸೆದೆ. ಅವ್ವನ ಬಾಯಿಂದ ನಿನ್ನ ತುತ್ತು ಕಿತ್ತುಕೊಂಡೆ. ಬಸ್ಸಲ್ಲಿ ನೀನು ಯಾರು ಅಂತ ಕೇಳಿದ್ರೆ ಗೊತ್ತಿಲ್ಲ ಅಂದೆ. ತಪ್ಪಾಯ್ತು ಅಕ್ಕಾ. ಅವ್ವಂಗೆ ಹೇಳಬೇಕಾಗಿತ್ತು, ಅವಳು ಇಲ್ಲ. ನಿಂಗೆ ಹೇಳ್ತಿದೀನಿ. ನನ್ನದು ತಪ್ಪಾಯ್ತು."